ಗೋಡೆಯೊಳಗೆ ಮುರಿದುಳಿದ ಜಿಐ ನಿಪ್ಪಲ್ ತೆಗೆಯೋದು

ಹಳೇ ನಲ್ಲಿ ಬಿಚ್ಚುವಾಗ ಅರ್ಧ ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣ) ನಿಪ್ಪಲ್, ಅಂದರೆ ಎರಡೂ ತುದಿಗೆ ಥ್ರೆಡ್ ಇರೋ ಗಿಡ್ಡ ಪೈಪ್ ತುಂಡು, ಮುರಿದು ಅದರ ಥ್ರೆಡ್ ಭಾಗ ಎಲ್ಬೋ (ಪೈಪ್ ತಿರುಗೋ ಕಡೆಯ ಬಾಗಿದ ಜೋಡಣೆ) ಒಳಗೇ ಉಳಿದರೆ ಗೋಡೆ ಒಡೆಯಬೇಡಿ. ಮೇನ್ ವಾಲ್ವ್ ಮುಚ್ಚಿ, ಪುಡಿ ಒಳಗೆ ಹೋಗದಂತೆ ಪೈಪಿಗೆ ಬಟ್ಟೆ ತುರುಕಿ, ಫ್ರೇಮ್ ಇಲ್ಲದ ಬರೀ ಹ್ಯಾಕ್ಸಾ ಬ್ಲೇಡಿನಿಂದ ಉಳಿದ ತುಂಡಿನ ಒಳಮೈಯನ್ನು ಉದ್ದುದ್ದಕ್ಕೆ ಎರಡು ಕಡೆ ಕೊಯ್ಯಿರಿ. ಎರಡು ಗೆರೆಗಳ ನಡುವೆ 6-8 ಮಿ.ಮೀ. ಸಾಕು. ಬ್ಲೇಡಿನ ಹಲ್ಲು ನಿಮ್ಮ ಕಡೆಗಿರಲಿ. ಎಳೆಯುವಾಗ ಕೊಯ್ದರೆ ಬ್ಲೇಡ್ ಬಾಗಲ್ಲ. ಹಿಡಿಯೋ ತುದಿಗೆ ದಪ್ಪ ಬಟ್ಟೆ ಸುತ್ತಿಕೊಳ್ಳಿ, ಇಲ್ಲದಿದ್ದರೆ ಅಂಗೈ ಕೊಯ್ಯುತ್ತೆ. ಆಮೇಲೆ ಹಳೇ ಸ್ಕ್ರೂಡ್ರೈವರನ್ನು ಅಂಚಿಗಿಟ್ಟು ಮೆಲ್ಲಗೆ ತಟ್ಟಿ, ನಡುವಿನ ಪಟ್ಟಿಯನ್ನು ಒಳಕ್ಕೆ ಮಡಚಿ. ತುಂಡು ಬಿಗಿಯಾಗಿ ಕೂತಿರೋದು ಪೂರ್ತಿ ಬಳೆಯಾಗಿ ಹೊರಗೆ ಒತ್ತುತ್ತಿರುವುದರಿಂದ. ಬಳೆ ತುಂಡಾದರೆ ಆ ಒತ್ತಡ ಹೋಗುತ್ತೆ, ನೋಸ್ ಪ್ಲೈಯರಿನಲ್ಲಿ ಹಿಡಿದು ಎಡಕ್ಕೆ ತಿರುಗಿಸಿದರೆ ಬರುತ್ತೆ. ಕೊನೇ ಪದರ ಕೊಯ್ಯುವಾಗ ಮಾತ್ರ ಆತುರ ಬೇಡ: ಎಲ್ಬೋ ಥ್ರೆಡ್‌ನ ಆಳ ಬರೀ 1.2 ಮಿ.ಮೀ. ಆಸುಪಾಸು. ಆ ಥ್ರೆಡ್‌ನ ಮೇಲಂಚಿಗೆ ಬ್ಲೇಡ್ ಲಘುವಾಗಿ ತಾಕಿದರೆ ಟೆಫ್ಲಾನ್ ಟೇಪ್ ಮುಚ್ಚಿಕೊಳ್ಳುತ್ತೆ, ಬುಡದವರೆಗೆ ಸೀಳಿದರೆ ಯಾವ ಟೇಪೂ ತಡೆಯಲ್ಲ. ಬಟ್ಟೆ ತೆಗೆದು, ಒಂದು ನಿಮಿಷ ನೀರು ಬಿಟ್ಟು ತೊಳೆದು, ಹೊಸ ನಿಪ್ಪಲಿಗೆ ಟೇಪನ್ನು ಬಲಕ್ಕೆ 10-12 ಸುತ್ತು ಸುತ್ತಿ ಹಾಕಿ. ಒಳಗೆ ತುಕ್ಕು ಕಟ್ಟಿ ಬ್ಲೇಡ್ ತೂರದಿದ್ದರೆ ಮೊದಲು ದುಂಡು ಅರದಿಂದ ಕೆರೆಯಿರಿ. ಎಲ್ಬೋನೇ ಪುಡಿಪುಡಿಯಾಗಿ ಉದುರುತ್ತಿದ್ದರೆ ಈ ಕಸರತ್ತು ದಂಡ, ಆಗ ಗೋಡೆ ಒಡೆದು ಎಲ್ಬೋ ಬದಲಿಸಲೇಬೇಕು.