ಎಲ್ಲರೂ ಬರುವವರೆಗೆ ಕಾಯುವುದು: ಮುಂಬೈ ಕನ್ನಡ ಸಭೆಯಲ್ಲಿ ಕರ್ತನ ಭೋಜನ

ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ಭಾನುವಾರ ನಮ್ಮ ಸಭೆಯಲ್ಲಿ ಎರಡು ಥರದ ಜನ ಮೇಜಿನ ಹತ್ತಿರ ಬರುತ್ತಿರಲಿಲ್ಲ. ಕೆಲವರು ತಾವು ಯೋಗ್ಯರಲ್ಲ ಎಂದು ಹೆದರಿ ಹಿಂದಿನ ಬೆಂಚಿನಲ್ಲೇ ಉಳಿಯುತ್ತಿದ್ದರು. ಇನ್ನು ಕೆಲವರು ಬಂದು ತಲುಪುವಷ್ಟರಲ್ಲಿ ಭೋಜನವೇ ಮುಗಿದಿರುತ್ತಿತ್ತು. ಎರಡಕ್ಕೂ ಉತ್ತರ ಸಿಕ್ಕಿದ್ದು ಬೈಬಲ್ಲಿನ ಒಂದೇ ಅಧ್ಯಾಯದಲ್ಲಿ.

ನಾನು ನಿವೃತ್ತ ನರ್ಸ್. ಆರಾಧನೆಯ ಕ್ರಮ ಸಿದ್ಧಮಾಡುವುದು, ಪಾಪದ ಅರಿಕೆ ನಡೆಸುವುದು, ಭೋಜನದ ಮೇಜು ಅಣಿಮಾಡುವುದು ಸಭೆಯಲ್ಲಿ ನನ್ನ ಪಾಲಿಗೆ ಬಂದ ಸೇವೆ. ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ತಿಂಗಳ ಮೊದಲ ಭಾನುವಾರ ಬಂದು ಭೋಜನ ನಡೆಸಿಕೊಡುತ್ತಾರೆ. ನಮಗೆ ಸ್ವಂತ ದೇವಾಲಯ ಇಲ್ಲ. ಬೆಳಿಗ್ಗೆ ಮರಾಠಿ ಸಭೆ ಸೇರುವ ಜಾಗದಲ್ಲೇ ನಾವು ಮಧ್ಯಾಹ್ನ ಸೇರುತ್ತೇವೆ.

ಸಭೆಯಲ್ಲಿ ಸುಮಾರು ಅರ್ಧ ಮಂಗಳೂರು, ಉಡುಪಿ ಕಡೆಯವರು. ಅವರ ಮುತ್ತಜ್ಜಂದಿರು 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರಿಂದ ಸುವಾರ್ತೆ ಕೇಳಿದವರು, ಮಿಷನ್ನಿನ ಹೆಂಚಿನ ಕಾರ್ಖಾನೆಯಲ್ಲಿ, ಮಗ್ಗದಲ್ಲಿ ದುಡಿದವರು. ಮನೆಯಲ್ಲಿ ತುಳು, ದೇವಾಲಯದಲ್ಲಿ ಕನ್ನಡ. ಉಳಿದವರು ಹೆಚ್ಚಾಗಿ ಬೀದರ್, ಕಲಬುರಗಿ ಕಡೆಯ ಮೆಥಡಿಸ್ಟರು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ (ಸಿಎಸ್ಐ) ಹುಟ್ಟಿತು. ಆಂಗ್ಲಿಕನ್ನರು, ಬ್ರಿಟಿಷ್ ಮೂಲದ ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲ್‌ನವರು ಹೀಗೆ ಹಲವು ಪ್ರೊಟೆಸ್ಟಂಟ್ ಪಂಗಡದವರು ತಮ್ಮ ಬೇರೆ ಬೇರೆ ಹೆಸರು ಬಿಟ್ಟು ಒಂದಾದರು. ಉತ್ತರ ಭಾರತ ಸಭೆ 1970ರ ನವೆಂಬರ್ 29ರಂದು ನಾಗಪುರದಲ್ಲಿ ಆಯಿತು. ಬೀದರ್ ಕಡೆಯ ಮೆಥಡಿಸ್ಟರದ್ದು ಅಮೆರಿಕದ ಮಿಷನ್ ಮೂಲ. ಅವರು ಎರಡರಲ್ಲೂ ಸೇರಲಿಲ್ಲ. ಊರಿನಲ್ಲಿ ಕೂಡದೆ ಉಳಿದವರು ಮುಂಬೈಗೆ ಬಂದು ಕನ್ನಡದ ಸಲುವಾಗಿ ಒಂದೇ ಬೆಂಚಿನಲ್ಲಿ ಕೂತಿದ್ದಾರೆ. ಇದು ದೇವರೇ ಮಾಡಿಕೊಟ್ಟ ಅವಕಾಶ ಎಂದು ನಾನು ನಂಬುತ್ತೇನೆ.

ಆದರೆ ಬೆಂಚು ಒಂದಾದರೆ ಮನಸ್ಸು ಒಂದಾಗುವುದಿಲ್ಲ, ಅಲ್ವಾ? ಕರಾವಳಿಯವರಿಗೆ ಜರ್ಮನ್ ರಾಗದ ಹಳೆಯ ಸಂಗೀತ ಬೇಕು, ನಾಲ್ಕು ಗುಂಪು ನಾಲ್ಕು ಬೇರೆ ಧ್ವನಿಯಲ್ಲಿ ಒಟ್ಟಿಗೆ, ನಿಧಾನವಾಗಿ. ಬೀದರಿನವರಿಗೆ ಢೋಲಕ್, ತಾಳ, ಚಪ್ಪಾಳೆ ಬೇಕು. ಹಾಡಿನ ಜಗಳ ಬಿಡಿ, ಎರಡನ್ನೂ ಹಾಡಿದರೆ ಮುಗಿಯಿತು. ನಿಜವಾದ ಗೋಡೆ ಬೇರೆ ಇತ್ತು, ಅದರ ಮಾತು ಆಮೇಲೆ. ಮೊದಲು ಆ ಅಧ್ಯಾಯ.

ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 11ನೇ ಅಧ್ಯಾಯದಲ್ಲಿ 27ನೇ ವಚನ ಎಲ್ಲರಿಗೂ ಗೊತ್ತು. ಅಯೋಗ್ಯವಾಗಿ ರೊಟ್ಟಿ ತಿಂದು ಪಾತ್ರೆಯಲ್ಲಿ ಕುಡಿಯುವವನು ಕರ್ತನ ದೇಹಕ್ಕೂ ರಕ್ತಕ್ಕೂ ದ್ರೋಹಿ ಎಂಬ ಮಾತು. ಹಿಂದಿನ ಬೆಂಚಿನವರ ಭಯ ಇಲ್ಲಿಂದಲೇ ಬಂದದ್ದು. ಆದರೆ 17ನೇ ವಚನದಿಂದ ಓದಿಕೊಂಡು ಬಂದರೆ ಪತ್ರಿಕೆ ಬರೆದ ಪೌಲ ಯಾವುದಕ್ಕೆ ಸಿಟ್ಟಾಗಿದ್ದಾನೆ ಎಂದು ಕಾಣುತ್ತದೆ. ಕೊರಿಂಥದಲ್ಲಿ ಕೆಲವರು ಯಾರಿಗೂ ಕಾಯದೆ ತಮ್ಮ ಊಟ ತಾವು ಮಾಡಿಬಿಡುತ್ತಿದ್ದರು. ಒಬ್ಬನಿಗೆ ಹಸಿವು, ಇನ್ನೊಬ್ಬನಿಗೆ ಅಮಲು. ಇಲ್ಲದವರನ್ನು ಹೀಗೆ ನಾಚಿಕೆಪಡಿಸುತ್ತೀರಾ ಎಂದು ಪೌಲ ಕೇಳುತ್ತಾನೆ. ಕೊನೆಗೆ 33ನೇ ವಚನದಲ್ಲಿ ಅವನು ಹೇಳುವ ಪರಿಹಾರ ಬಹಳ ಸರಳ: ಊಟಕ್ಕೆ ಸೇರಿದಾಗ ಒಬ್ಬರಿಗಾಗಿ ಒಬ್ಬರು ಕಾಯಿರಿ.

ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಬೀದರ್ ಕಡೆಯ ಅಣ್ಣನೊಬ್ಬರು ಬಂದು, "ಅಕ್ಕಾರ, ನಾವು ಬರೂದ್ರಾಗ ಎಲ್ಲಾ ಮುಗದಿರ್ತದ. ನಮ್ಮ ಪಾಲಿಂದು ಯಾವಾಗ?" ಎಂದು ಕೇಳಿದರು. ಅವರು ಬರುವುದು ಕಲ್ಯಾಣದ ಆಚೆಯಿಂದ. ಭಾನುವಾರ ಹಳಿ ದುರಸ್ತಿಯ ಮೆಗಾ ಬ್ಲಾಕ್ ಇದ್ದರೆ ಲೋಕಲ್ ಗಾಡಿಗಳ ಕಥೆ ಮುಂಬೈಯವರಿಗೆ ಹೇಳಬೇಕಾಗಿಲ್ಲ. ಆ ದಿನದಿಂದ ನಾನು 33ನೇ ವಚನವನ್ನು ಗಡಿಯಾರದ ಪಕ್ಕ ಇಟ್ಟು ಓದಲು ಶುರುಮಾಡಿದೆ.

ಸುಮ್ನೆ ತಡವಾಗಿ ಶುರುಮಾಡಿದರೆ ಆಗುತ್ತಿರಲಿಲ್ಲ. ಹೋಟೆಲ್, ಕ್ಯಾಂಟೀನುಗಳಲ್ಲಿ ಕೆಲಸ ಮಾಡುವ ಹುಡುಗರಿಗೆ ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಗಿರಾಕಿ ಶುರುವಾಗುವ ನಡುವೆ ಮಾತ್ರ ಬಿಡುವು. ಅವರು ಬೇಗ ಹೊರಡಬೇಕು, ಕಲ್ಯಾಣದವರು ತಡವಾಗಿ ಬರುತ್ತಾರೆ. ಹಿರಿಯರ ಜೊತೆ ಕೂತು ನಾವು ಮಾಡಿದ್ದು ಇಷ್ಟು: ಪ್ರಕಟಣೆಗಳನ್ನೆಲ್ಲ ಕೊನೆಗೆ ತಳ್ಳಿದೆವು. ಹುಟ್ಟುಹಬ್ಬದ ಹಾಡು, ವರದಿ, ಅಭಿನಂದನೆ ಎಲ್ಲವೂ ಆಶೀರ್ವಾದ ಆದ ಮೇಲೆ. ಭೋಜನದ ಭಾನುವಾರ ಪ್ರಸಂಗ, ಅಂದರೆ ಬೋಧನೆ, ಚಿಕ್ಕದು. ಅಯ್ಯನವರು ಇದಕ್ಕೆ ಸಂತೋಷದಿಂದ ಒಪ್ಪಿದರು. ತಡವಾಗುವವರು ಫೋನ್ ಮಾಡಿದರೆ ಹಾಡು ಮುಂದುವರಿಸುತ್ತೇವೆ. ಕಾಯುವ ಹೊತ್ತು ಖಾಲಿಯಾಗದೆ ಸ್ತೋತ್ರದಲ್ಲಿ ತುಂಬುತ್ತದೆ. ಹೋಟೆಲ್ ಹುಡುಗರು ಹೊರಡುವ ಮುಂಚೆ, ದೂರದವರು ಬಂದ ಮೇಲೆ ಒಂದು ಸಣ್ಣ ಹೊತ್ತು ಸಿಗುತ್ತದೆ. ಭೋಜನ ಆಗಲೇ.

ರೊಟ್ಟಿಯನ್ನೂ ಬದಲಾಯಿಸಿದೆವು. ಮೊದಲು ಸ್ಲೈಸ್ ಬ್ರೆಡ್ಡಿನ ಅಂಚು ತೆಗೆದು ಚಿಕ್ಕ ಚೌಕಗಳನ್ನು ಕತ್ತರಿಸಿ ತಟ್ಟೆಯಲ್ಲಿ ಇಡುವ ಪದ್ಧತಿ ಇತ್ತು. ಅದೇ ಪತ್ರಿಕೆಯ 10ನೇ ಅಧ್ಯಾಯ, ರೊಟ್ಟಿ ಒಂದೇ ಆಗಿರುವುದರಿಂದ ಅನೇಕರಾದ ನಾವು ಒಂದೇ ದೇಹ ಎನ್ನುತ್ತದೆ. ಅದನ್ನು ಓದುತ್ತಾ ಮೊದಲೇ ಕತ್ತರಿಸಿದ ಚೂರುಗಳನ್ನು ಕೊಡುವುದು ನನಗೆ ಸರಿ ಅನ್ನಿಸಲಿಲ್ಲ. ಈಗ ಶನಿವಾರ ಸಂಜೆ ಬೇಕರಿಗೆ ಹೋಗಿ, "ಕಟ್ ಮಾಡಬೇಡಿ, ಇಡೀ ಕೊಡಿ" ಎಂದು ಹೇಳಿ ತರುತ್ತೇನೆ. ಬಿಳಿ ಬಟ್ಟೆ ಹಾಸಿ ನಡುವೆ ಇಡುತ್ತೇನೆ. ಅಯ್ಯನವರು ಎತ್ತಿ ಹಿಡಿದು ಮುರಿಯುವಾಗ ಮೇಲಿನ ಗಟ್ಟಿ ಪದರ ಬಿರಿಯುವ ಸದ್ದು ಹಿಂದಿನ ಬೆಂಚಿಗೂ ಕೇಳುತ್ತದೆ. ತುಂಡುಗಳು ಸಮ ಆಗುವುದಿಲ್ಲ, ಒಬ್ಬರಿಗೆ ದೊಡ್ಡದು, ಒಬ್ಬರಿಗೆ ಚಿಕ್ಕದು. ಇರಲಿ.

ಇನ್ನು ಪಾಪದ ಅರಿಕೆ. ನನಗೆ ಅತಿ ಮುಖ್ಯವಾದ ಭಾಗ ಇದು.

ಭೋಜನದ ಹಿಂದಿನ ಭಾನುವಾರವೇ ಮತ್ತಾಯ 5ರ 23, 24ನೇ ವಚನ ಓದಿ ಹೇಳುತ್ತೇನೆ: ಮುಂದಿನ ವಾರ ಮೇಜು ಸಿದ್ಧವಾಗುತ್ತದೆ, ಯಾರ ಜೊತೆ ಮಾತು ಬಿಟ್ಟಿದ್ದೀರೋ ಈ ವಾರ ಫೋನ್ ಮಾಡಿ, ಸಾಧ್ಯವಾದರೆ ಮನೆಗೆ ಹೋಗಿ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗು ಎಂದದ್ದು ಯೇಸುವೇ. ಗುಡಿಗೆ ಬಂದವನನ್ನು ವಾಪಸ್ ಕಳಿಸುವಷ್ಟು ಇದು ದೊಡ್ಡ ವಿಷಯ ಯೇಸುವಿಗೆ.

ವಾರದ ಮಧ್ಯೆ ಮನೆ ಪ್ರಾರ್ಥನೆಯಲ್ಲಿ 51ನೇ ಕೀರ್ತನೆ ಓದುತ್ತೇವೆ. ಅಲ್ಲಿ ದಾವೀದ, ನಿನಗೇ ತಪ್ಪುಮಾಡಿದ್ದೇನೆ ಎಂದು ದೇವರಿಗೆ ಹೇಳುತ್ತಾನೆ. ಅದನ್ನು ಹಿಡಿದುಕೊಂಡು, ದೇವರ ಹತ್ತಿರ ಹೇಳಿಯಾಯಿತು, ಇನ್ನು ಮನುಷ್ಯರ ಹತ್ತಿರ ಯಾಕೆ ಎನ್ನುವವರಿದ್ದಾರೆ. ಅವರಿಗೆ ನಾನು ಯಾಜಕಕಾಂಡದ 6ನೇ ಅಧ್ಯಾಯ ತೋರಿಸುತ್ತೇನೆ. ನೆರೆಯವನಿಗೆ ಮೋಸ ಮಾಡಿದವನು ಮೊದಲು ಅಸಲು ಕೊಡಬೇಕು, ಐದನೇ ಒಂದು ಪಾಲು ಜಾಸ್ತಿ ಸೇರಿಸಬೇಕು, ಆಮೇಲೆ ಯಜ್ಞ. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನು ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಎಂದ. ಅವನಿಗೆ ಯಾರೂ ಹೇಳಿಕೊಡಲಿಲ್ಲ. ಯೇಸು ಅವನ ಮನೆಗೆ ಬಂದ ಸಂತೋಷಕ್ಕೆ ಅವನ ಕೈ ತಾನೇ ಬಿಚ್ಚಿಕೊಂಡಿತು.

ಭಾನುವಾರದ ಅರಿಕೆಯಲ್ಲಿ ನಾನು ಪಾಪಗಳನ್ನು ಹೆಸರಿಟ್ಟು ಓದುತ್ತೇನೆ, ಜನರ ಹೆಸರನ್ನಲ್ಲ. ಮನೆಕೆಲಸದವಳ ಸಂಬಳ ಹಿಡಿದಿಟ್ಟದ್ದು. ವಯಸ್ಸಾದ ತಂದೆತಾಯಿಗೆ ಊರಿಗೆ ದುಡ್ಡು ಕಳಿಸದೆ ಇದ್ದದ್ದು. ಕುಡಿದು ಬಂದು ಮನೆಯಲ್ಲಿ ಕೈ ಎತ್ತಿದ್ದು. ಒಂದೊಂದರ ನಂತರ ಮೌನ. ಫ್ಯಾನಿನ ಸದ್ದು ಬಿಟ್ಟು ಏನೂ ಇರುವುದಿಲ್ಲ. ಒಂದು ಸಲ ಇದಕ್ಕೆ ಇನ್ನೊಂದು ಸಾಲು ಸೇರಿಸಿದೆ: ಹುಡುಗ ವಿಶ್ವಾಸಿ ಎಂದು ಗೊತ್ತಿದ್ದೂ ಜಾತಿ ನೋಡಿ ಸಂಬಂಧ ಬೇಡ ಎಂದದ್ದು. ನಮ್ಮ ನಡುವಿನ ನಿಜವಾದ ಗೋಡೆ ಅದೇ. ಕರಾವಳಿಯವರೂ ಬೀದರಿನವರೂ ಒಟ್ಟಿಗೆ ಆಮೆನ್ ಹೇಳುತ್ತಾರೆ, ಮದುವೆ ಮಾತು ಬಂದಾಗ "ಆ ಕಡೆಯವರು" ಆಗುತ್ತಾರೆ. ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿ ಕ್ರಿಸ್ತನು ನಡುವಿನ ಅಡ್ಡಗೋಡೆಯನ್ನು ಕೆಡವಿದ ಎಂದಿದೆ. ಆತ ರಕ್ತ ಸುರಿಸಿ ಕೆಡವಿದ್ದನ್ನು ನಾವು ಯಾವ ಧೈರ್ಯದಲ್ಲಿ ಮತ್ತೆ ಕಟ್ಟುವುದು?

ಆ ಸಾಲಿಗೆ ಕೆಲವರು ಬೇಸರ ಮಾಡಿಕೊಂಡರು. "ದೇವಾಲಯದಲ್ಲಿ ಇದೆಲ್ಲಾ ಯಾಕೆ ಅಕ್ಕ?" ಎಂದು ಕೇಳಿದರು. ದೇವಾಲಯದಲ್ಲಲ್ಲದೆ ಮತ್ತೆಲ್ಲಿ ಎಂದೆ. ಆ ಸಾಲು ಈಗಲೂ ಇದೆ.

ಆದರೆ ಅರಿಕೆ ಭಾರವಾಗಿಯೇ ಮುಗಿಯಬಾರದು. ಎಲ್ಲ ಸರಿಮಾಡಿಕೊಂಡು ಬಂದರೆ ಮಾತ್ರ ಕ್ಷಮೆ ಎಂದು ಯಾರಿಗೂ ಅನ್ನಿಸಬಾರದು. ನಾವಿನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತನು ನಮಗಾಗಿ ಸತ್ತನು. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆ, ನಮ್ಮ ಮೇಲಿದ್ದ ಸಾಲಪತ್ರವನ್ನು ಆತನು ಅಳಿಸಿ ಶಿಲುಬೆಗೆ ಜಡಿದ ಎನ್ನುತ್ತದೆ. ಹಾಗಾಗಿ ಅಯ್ಯನವರು ಕ್ಷಮೆಯ ವಾಕ್ಯ ಹೇಳುವಾಗ ಎಲ್ಲರೂ ಎದ್ದು ನಿಲ್ಲಬೇಕು ಎಂದು ಕೇಳಿಕೊಂಡಿದ್ದೇನೆ. ಹಿಂದಿನ ಬೆಂಚಿನಲ್ಲಿ ತಲೆ ಬಗ್ಗಿಸಿದವರಿಗೂ ಅದು ಕೇಳಬೇಕು. ಮೇಜು ಪಾಪಿಗಳಿಗೇ ಹಾಕಿದ್ದು.

ಆಮೇಲೆ ಸಮಾಧಾನ ಕೊಡುವುದು, ಅಂದರೆ ಕ್ರಿಸ್ತನ ಶಾಂತಿಯನ್ನು ಒಬ್ಬರಿಗೊಬ್ಬರು ಕೈಯಿಂದ ದಾಟಿಸುವುದು. ಇದು ದಕ್ಷಿಣ ಭಾರತ ಸಭೆಯ 1950ರ ಆರಾಧನಾ ಕ್ರಮದಿಂದ ಬಂದದ್ದು. ಕೇರಳದ ಸುರಿಯಾನಿ ಕ್ರೈಸ್ತರಲ್ಲಿ ಹಿಂದಿನಿಂದ ಇದ್ದ ರೂಢಿ ಅದಕ್ಕೆ ಮಾದರಿ. ನೋಡುವುದಕ್ಕೆ ಚಿಕ್ಕದು. ಕೊಡುವವರು ತಮ್ಮ ಬಲ ಅಂಗೈಯನ್ನು ಎದುರಿನವರ ಬಲ ಅಂಗೈಗೆ ಸೇರಿಸುತ್ತಾರೆ, ಇಬ್ಬರೂ ಎಡಗೈಯಿಂದ ಮೇಲೆ ಮುಚ್ಚುತ್ತಾರೆ. ಅಯ್ಯನವರಿಂದ ಹೊರಟದ್ದು ಬೆಂಚಿನಿಂದ ಬೆಂಚಿಗೆ ಸಾಗುತ್ತದೆ. ಕೊರೊನಾ ಕಾಲದಲ್ಲಿ ಇದನ್ನು ಬಿಟ್ಟು ಬರೀ ಕೈಮುಗಿಯುತ್ತಿದ್ದೆವು, ಮತ್ತೆ ಶುರುಮಾಡಲು ಹಿಂಜರಿಕೆ ಇತ್ತು. ಬೇಡವಾದವರ ಪಕ್ಕ ಕೂರದೆ ಇದ್ದರೆ ಇದರಿಂದ ತಪ್ಪಿಸಿಕೊಳ್ಳಬಹುದು. ಅದಕ್ಕೇ ಸಮಾಧಾನ ನಡುದಾರಿಯನ್ನು ದಾಟಿ ಆ ಬದಿಗೂ ಹೋಗುವಂತೆ ಕ್ರಮ ಮಾಡಿದ್ದೇನೆ.

ಮನೆಯ ಡಿಪಾಜಿಟ್ ದುಡ್ಡಿನ ವಿಷಯಕ್ಕೆ ಮಾತು ಬಿಟ್ಟಿದ್ದ ಎರಡು ಮನೆಯವರು ನಮ್ಮಲ್ಲಿದ್ದರು. ಸಾಲ ತೆಗೆದುಕೊಂಡವರು ಅರಿಕೆಯ ವಾರದಲ್ಲಿ ಫೋನ್ ಮಾಡಿ, ಪೂರ್ತಿ ಕೊಡಲು ಈಗ ಆಗುವುದಿಲ್ಲ, ತಿಂಗಳು ತಿಂಗಳು ಕೊಡುತ್ತೇನೆ ಎಂದರು. ಹೇಳಿದಂತೆ ಕೊಡುತ್ತಿದ್ದಾರೆ. ಆ ಭಾನುವಾರ ಇಬ್ಬರೂ ಮೇಜಿಗೆ ಬಂದರು. ಇನ್ನೊಂದು ಕುಟುಂಬ ಜಾತಿಯ ಸಾಲಿಗೆ ಮುನಿಸಿಕೊಂಡು ಬೇರೆ ಸಭೆಗೆ ಹೋಯಿತು. ಪ್ರತಿ ತಿಂಗಳು ಭೋಜನದ ಮುಂಚೆ ಅವರಿಗೂ ಫೋನ್ ಮಾಡಿ ಕರೆಯುತ್ತೇನೆ. ಎರಡು ಮಾತು ಆಡುತ್ತಾರೆ, ಆರೋಗ್ಯ ವಿಚಾರಿಸುತ್ತಾರೆ, ಬರುತ್ತೇವೆ ಎಂದು ಮಾತ್ರ ಹೇಳುವುದಿಲ್ಲ. ಮುಂದಿನ ತಿಂಗಳೂ ಕರೆಯುತ್ತೇನೆ.