ಗಾಡಿಯ ಬೋರ್ಡಿಗೆ ಟಿವಿಎಸ್ ಡಯೋಡ್: ಬರೀ ವ್ಯಾಟ್ ನೋಡಿ ಆರಿಸಬೇಡಿ

ಗೆಳೆಯರೇ, ಗಾಡಿಯ ಎಲೆಕ್ಟ್ರಾನಿಕ್ ಬೋರ್ಡನ್ನು ದಿಢೀರ್ ಏರುವ ವೋಲ್ಟೇಜಿನಿಂದ ಕಾಪಾಡುವ ಬಿಡಿಭಾಗವೇ ಟಿವಿಎಸ್ ಡಯೋಡ್. 12 ವೋಲ್ಟ್ ಗಾಡಿ ಅಂತ 15 ವೋಲ್ಟಿನದನ್ನು ಹಾಕಬೇಡಿ. ಬ್ಯಾಟರಿ ಇಳಿದಾಗ 24 ವೋಲ್ಟ್ ಕೊಟ್ಟು ಸ್ಟಾರ್ಟ್ ಮಾಡುವುದುಂಟು. ಆಗ ಡಯೋಡ್ ಸುಟ್ಟೇ ಹೋಗುತ್ತದೆ. ಸ್ಟ್ಯಾಂಡ್‌ಆಫ್ ವೋಲ್ಟೇಜ್ (ಡಯೋಡ್ ಸುಮ್ಮನಿರುವ ಗರಿಷ್ಠ ವೋಲ್ಟೇಜ್) ಕನಿಷ್ಠ 24 ಇರಲಿ, ಕ್ಲ್ಯಾಂಪಿಂಗ್ ವೋಲ್ಟೇಜ್ (ವೋಲ್ಟೇಜ್ ಏರಿದಾಗ ಡಯೋಡ್ ಅದನ್ನು ತಡೆದು ನಿಲ್ಲಿಸುವ ಮಟ್ಟ) ಮುಂದಿನ ಐಸಿ ತಾಳುವ ಮಿತಿಯೊಳಗಿರಲಿ. ಆ ಐಸಿ 40 ವೋಲ್ಟ್‌ವರೆಗೆ ಮಾತ್ರ ತಾಳುವ ರೆಗ್ಯುಲೇಟರ್ (ವೋಲ್ಟೇಜನ್ನು ಸ್ಥಿರವಾಗಿಡುವಂಥದ್ದು) ಆಗಿದ್ದರೆ ಇದು ಬಹಳ ಬಿಗಿಯಾದ ಲೆಕ್ಕ.

ಹೆಚ್ಚಿನವರು ಎಡವುವುದು ಲೋಡ್ ಡಂಪ್‌ನಲ್ಲಿ. ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿರುವಾಗ ಬ್ಯಾಟರಿಯ ತಂತಿ ಕಳಚಿದರೆ ಏಳುವ ಸರ್ಜ್ (ವೋಲ್ಟೇಜಿನ ದಿಢೀರ್ ಏರಿಕೆ) ಇದು, 400 ಮಿಲಿಸೆಕೆಂಡ್‌ವರೆಗೂ ಇರಬಹುದು. ಆದರೆ ಡೇಟಾಶೀಟಿನಲ್ಲಿರುವ 600 ವ್ಯಾಟ್ ಸಾಮಾನ್ಯವಾಗಿ 10/1000 ಮೈಕ್ರೊಸೆಕೆಂಡ್ ಪಲ್ಸಿಗೆ, ಅಂದರೆ 10 ಮೈಕ್ರೊಸೆಕೆಂಡಿನಲ್ಲಿ ಏರಿ 1000 ಮೈಕ್ರೊಸೆಕೆಂಡಿಗೆ (ಒಂದೇ ಮಿಲಿಸೆಕೆಂಡ್) ಅರ್ಧಕ್ಕಿಳಿಯುವ ಪಲ್ಸಿಗೆ ಹೇಳಿದ್ದು! ಈ ವ್ಯತ್ಯಾಸ ದಯವಿಟ್ಟು ಗಮನಿಸಿ, ಲೋಡ್ ಡಂಪ್‌ಗೆಂದೇ ಮಾಡಿದ ದೊಡ್ಡ ಡಯೋಡನ್ನೇ ತೆಗೆದುಕೊಳ್ಳಿ. ಎಂಜಿನ್ ಪಕ್ಕದ ಬಿಸಿಯಲ್ಲಿ ಅದರ ಸಾಮರ್ಥ್ಯ ಇನ್ನೂ ಇಳಿಯುತ್ತದೆ.

ಹಾಂ, ಬ್ಯಾಟರಿ ಉಲ್ಟಾ ಜೋಡಿಸಿದರೆ ಒಮ್ಮುಖ (ಯೂನಿಡೈರೆಕ್ಷನಲ್) ಟಿವಿಎಸ್ ಡಯೋಡ್ ನೇರ ಶಾರ್ಟ್ ಆಗುತ್ತದೆ. ಅದರ ಮುಂದೆ ಫ್ಯೂಸ್ ಮರೆಯಬೇಡಿ.