ಖಾಲಿ ಕಾಲಂ ನೋಡಿ ಬರೆದ ಸಮೀಕ್ಷೆ

ಬೇಲೂರು ಸೀಮೆಯ ಹೊಯ್ಸಳರ ಕಾಲದ ಕೆರೆಗಳು ನನ್ನ ಪಿಎಚ್‌ಡಿ ವಿಷಯ. ಪೂರ್ವ ಅಧ್ಯಯನಗಳ ಸಮೀಕ್ಷೆ ಬರೆದು ಕೊಟ್ಟಾಗಲೆಲ್ಲ ವಾಪಸ್ ಬರುತ್ತಿತ್ತು. ‘ಇದು ಪುಸ್ತಕದಂಗಡಿ ಪಟ್ಟಿ ಆಯ್ತಲ್ಲಪ್ಪಾ’ ಅಂತ ಗೈಡ್ ನಕ್ಕರು. ಇವರು ಹೀಗೆ ಹೇಳಿದ್ದಾರೆ, ಅವರು ಹಾಗೆ ಹೇಳಿದ್ದಾರೆ, ಪುಸ್ತಕಕ್ಕೊಂದು ಪ್ಯಾರಾ. ಎಲ್ಲರೂ ಬರೆಯೋದೇ ಹಾಗೆ, ಅಲ್ವಾ?

ಎಕ್ಸೆಲ್ ತೆರೆದೆ. ‘ಪಿಎಚ್‌ಡಿಗೆ ಬ್ಯಾಂಕ್ ಲೆಕ್ಕವಾ?’ ಅಂತ ಹಾಸ್ಟೆಲಿನಲ್ಲಿ ಕಾಲೆಳೆದರು. ಸಾಲಿಗೆ ಒಂದು ಪುಸ್ತಕ, ಕಾಲಂಗೆ ಒಂದು ಪ್ರಶ್ನೆ. ಕೆರೆ ಕಟ್ಟಿಸಿದ್ದು ಯಾರು? ಬಿತ್ತುವಟ್ಟ, ಕಟ್ಟುಕೊಡಗೆ (ಕೆರೆ ಕಟ್ಟಿದ್ದಕ್ಕೆ, ನೋಡಿಕೊಂಡಿದ್ದಕ್ಕೆ ಕೊಡುತ್ತಿದ್ದ ಭೂಮಿ) ಯಾರಿಗೆ ಸಿಕ್ಕಿತು? ಹೂಳು ಎತ್ತಿದ್ದು ಯಾರು? ಮೊದಲ ಕಾಲಂ ತುಂಬಿ ತುಳುಕಿತು. ನಾನು ಓದಿದ ಪುಸ್ತಕಗಳಲ್ಲಿ ಹೂಳಿನ ಕಾಲಂ ಮಾತ್ರ ಹೆಚ್ಚುಕಡಿಮೆ ಖಾಲಿ. ಅಧ್ಯಾಯವನ್ನು ಕಾಲಂ ಪ್ರಕಾರ ಬರೆದೆ, ಪುಸ್ತಕದ ಪ್ರಕಾರ ಅಲ್ಲ. ಗೈಡ್ ಮಾತಾಡದೆ ಸಹಿ ಹಾಕಿದರು. ಪ್ರಶ್ನೆಗಳನ್ನು ಆರಿಸಿದ್ದು ಹೇಗೆ ಅಂತ ಮಾತ್ರ ಕೇಳಬೇಡಿ, ಅದು ನನ್ನ ಹತ್ತಿರವೇ ಇರಲಿ.

ದುಡ್ಡು ಹೋಗಿದ್ದು ಅಡಿಟಿಪ್ಪಣಿಗಳಿಗೆ. ಡಿಟಿಪಿಯವರು ಯೂನಿಕೋಡ್ ಅಲ್ಲದ ಹಳೇ ‘ನುಡಿ’ ಫಾಂಟ್‌ನಲ್ಲಿ ಟೈಪ್ ಮಾಡಿದ್ದರು. ಯೂನಿಕೋಡ್‌ಗೆ ತಂದಾಗ ಒತ್ತಕ್ಷರಗಳು ಚೆಲ್ಲಾಪಿಲ್ಲಿ. ಮತ್ತೆ ಟೈಪಿಂಗ್, ಜೊತೆಗೆ ಜೆರಾಕ್ಸ್, ಸುಮಾರು ಹನ್ನೆರಡು ಸಾವಿರ ಕೈ ಬಿಟ್ಟಿತು. ಆಮೇಲೆ ಅಡಿಟಿಪ್ಪಣಿ, ಗ್ರಂಥಸೂಚಿ ಜೋಡಿಸಿಕೊಡುವ ಜೊಟೆರೋ ತಂತ್ರಾಂಶ ಹಾಕಿಕೊಂಡೆ, ಅದು ಬಿಟ್ಟಿ. ಆದರೆ ಇನಿಷಿಯಲ್ ಮುಂದಿದ್ದರೆ ಗ್ರಂಥಸೂಚಿಯಲ್ಲಿ ಲೇಖಕರಲ್ಲಿ ಅರ್ಧ ಜನ ‘ಎಂ’, ‘ಎಸ್’ ಅಡಿಯಲ್ಲೇ ಸಾಲುಗಟ್ಟುತ್ತಾರೆ. ಹೆಸರಿಗೆ ಒಂದೇ ಖಾನೆ ಇಟ್ಟು, ‘ರೈಸ್, ಬಿ.ಎಲ್.’ ಅಂತ ತಿರುಗಿಸಿ ಬರೆದರೆ ಆಯ್ತು.

ನಿಜವಾದ ತಲೆನೋವು ಎಪಿಗ್ರಾಫಿಯಾ ಕರ್ನಾಟಿಕಾ (ಎ.ಕ.), ಅಂದರೆ ಶಾಸನಗಳ ಸಂಪುಟಮಾಲೆ. ಅದನ್ನು ಮೊದಲು ಸಂಪಾದಿಸಿದ ಬಿ.ಎಲ್. ರೈಸ್ 1902ರಲ್ಲಿ ತಂದ ಹಾಸನದ ಸಂಪುಟ 5ರಲ್ಲಿ ಬೇಲೂರಿನ ಶಾಸನಗಳಿವೆ. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ಬೇಲೂರು ಸಂಪುಟ 9ಕ್ಕೆ ಹೋಗಿದೆ. ಬರೀ ‘ಎ.ಕ.’ ಅಂತ ಬರೆದು ನಂಬರ್ ಹಾಕಿದರೆ ಓದುವವರು ಬೇರೆ ಶಾಸನಕ್ಕೇ ಹೋಗಿ ನಿಲ್ಲುತ್ತಾರೆ. ನಾನು ಎರಡೂ ನಂಬರ್ ಕೊಟ್ಟೆ, ‘ಹಳೆ’, ‘ಪರಿಷ್ಕೃತ’ ಅಂತ ಗುರುತಿನ ಜೊತೆ.

ನಡುವೆ ಸುಮ್ನೆ ಒಂದು ಪ್ರಯೋಗ. ಸ್ಕ್ಯಾನ್ ಮಾಡಿದ ಹಾಳೆಗಳನ್ನು ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಟೈಪ್ ಮಾಡಿದ ಹಾಗೆ ಕನ್ನಡ ಅಕ್ಷರ ತಕ್ಕಮಟ್ಟಿಗೆ ಬರುತ್ತದೆ. ಹಳಗನ್ನಡದ ‘ೞ’, ‘ಱ’ ಬಂದರೆ ಕತೆ ಮುಗೀತು. ಶಾಸನ ಪಾಠ ಕೈಯಲ್ಲೇ ಟೈಪ್ ಮಾಡಿದೆ.

ಕೃತಿಚೌರ್ಯದ ಭಯ ಜಾಸ್ತಿ ಇಟ್ಟುಕೊಳ್ಳಬೇಡಿ. ಯುಜಿಸಿಯ (ವಿಶ್ವವಿದ್ಯಾನಿಲಯ ಅನುದಾನ ಆಯೋಗ) 2018ರ ನಿಯಮದಲ್ಲಿ ಶೇ. 10ರವರೆಗೆ ಹೋಲಿಕೆಗೆ ದಂಡವಿಲ್ಲ. ಆಕರ ಹೇಳಿ ಎತ್ತಿಕೊಂಡ ಸಾಲುಗಳು, ಗ್ರಂಥಸೂಚಿ ಅದರ ಲೆಕ್ಕಕ್ಕೇ ಬರುವುದಿಲ್ಲ. ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಹೂಳಿನ ಬಗ್ಗೆಯೇ ಅರ್ಧ ಗಂಟೆ ಕೇಳಿದರು. ಕಾಲೆಳೆದ ಒಬ್ಬ ಗೆಳೆಯ ಈಗ ಆ ಎಕ್ಸೆಲ್ ಫೈಲ್ ಕಳಿಸು ಅಂತ ಫೋನ್ ಮಾಡ್ತಿದ್ದಾನೆ.